ಸಮುದ್ರ ಚೆನ್ನಾಗಿದೆ, ಹುಡುಗಿ ಯಾರು? ನೀರಿನ ಪಕ್ಕದ ಫೋಟೋ ಕೆಟ್ಟಾಗ ದೋಷ ಹುಡುಕುವ ಬಗೆ

ಮರವಂತೆಯಲ್ಲಿ ಅಕ್ಕನ ಮಗಳ ಫೋಟೋ ತೆಗೆದು, ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅಕ್ಕ ಸ್ವಲ್ಪ ಹೊತ್ತು ನೋಡಿದಳು. "ಸಮುದ್ರ ಚೆನ್ನಾಗಿ ಬಂದಿದೆ ಕಣೋ. ಈ ಹುಡುಗಿ ಯಾರು?" ಅಂದಳು.

ಡಿಸೆಂಬರ್ ತಿಂಗಳು, ಸಂಜೆ ನಾಲ್ಕೂವರೆಯ ಬಿಸಿಲು. ಕೆಂಪು ಲಂಗ ದಾವಣಿ ಉಟ್ಟ ಹುಡುಗಿ, ಹಿಂದೆ ಅಲೆ. ಅಲ್ಲಿ ನಿಂತಾಗ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಫೋಟೋದಲ್ಲಿ ಮಾತ್ರ ಫಳಫಳ ಹೊಳೆಯುವ ನೀರಿನ ಮುಂದೆ ಮಸಿ ಬಳಿದ ಹಾಗೆ ಒಂದು ಆಕೃತಿ. ಸಾಫ್ಟ್‌ವೇರಿನಲ್ಲಿ ಆ ಕಪ್ಪನ್ನು ಎಳೆದು ಮೇಲೆತ್ತಿದೆ. ಮುಖವೇನೋ ಬಂತು. ಜೊತೆಗೆ ಕೆನ್ನೆಯ ಮೇಲೆಲ್ಲ ರವೆ ಉದುರಿದ ಹಾಗೆ ಕಾಳುಕಾಳು.

ಆಮೇಲೆ ಹೊಳೆ, ಕೆರೆ, ಕಡಲು ಅಂತ ಸಾಕಷ್ಟು ಕಡೆ ಇದೇ ತಪ್ಪನ್ನು ಬೇರೆ ಬೇರೆ ವೇಷದಲ್ಲಿ ನೋಡಿದೆ, ಮಾಡಿದೆ ಕೂಡ. ನನಗೆ ಗೊತ್ತಾದದ್ದು ಇಷ್ಟು: ಹೆಚ್ಚಿನ ಸಲ ತಪ್ಪು ಇರುವುದು ಕ್ಯಾಮೆರಾದ ಒಳಗಲ್ಲ, ನಾವು ನಿಂತ ಜಾಗದಲ್ಲಿ. ನೀರನ್ನು ನಾವು ಹಿನ್ನೆಲೆ ಅಂದುಕೊಳ್ಳುತ್ತೇವೆ. ಅದು ಹಿನ್ನೆಲೆ ಅಲ್ಲ, ನೆಲದ ಮೇಲೆ ಹಾಸಿದ ಕನ್ನಡಿ.

ಮೊದಲು ಅಳತೆ

ಯಾವ ಡಯಲ್ಲನ್ನೂ ಗಾಬರಿಯಲ್ಲಿ ತಿರುಗಿಸಬೇಡಿ. ಮೊದಲು ಮುಖಕ್ಕೂ ನೀರಿಗೂ ಎಷ್ಟು ಅಂತರ ಇದೆ ಅಂತ ಅಳೆಯಿರಿ. ಒಂದು ನಿಮಿಷದ ಕೆಲಸ.

ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ ಹಾಕಿ, ಅಂದರೆ ಲೆನ್ಸಿನ ಕಿಂಡಿಯ ಅಳತೆ ನೀವು ಇಡುತ್ತೀರಿ, ಶಟರನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕಿಂಡಿ ಎಫ್ 5.6, ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100 ಇರಲಿ. ಬೆಳಕು ಅಳೆಯುವ ಮೀಟರಿಂಗ್ ಸ್ಪಾಟ್‌ಗೆ ಬರಲಿ, ಆಗ ಅದು ಚುಕ್ಕೆಯಷ್ಟು ಜಾಗವನ್ನು ಮಾತ್ರ ಅಳೆಯುತ್ತದೆ. ಮುಖಕ್ಕೆ ಗುರಿಯಿಟ್ಟು ಶಟರ್ ಸೆಕೆಂಡಿನ ಎಷ್ಟನೇ ಭಾಗ ತೋರಿಸುತ್ತದೆ ನೋಡಿ. ಆಮೇಲೆ ಹಿಂದಿನ ಹೊಳೆಯುವ ನೀರಿಗೆ ಗುರಿಯಿಡಿ. ಮರವಂತೆಯ ಆ ಸಂಜೆಯಂಥ ಬೆಳಕಿನಲ್ಲಿ ಮುಖ 1/125 ತೋರಿಸಿದರೆ, ನೀರು 1/2000 ತೋರಿಸುತ್ತದೆ. 125, 250, 500, 1000, 2000. ನಾಲ್ಕು ಸ್ಟಾಪ್. ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟಾಗುತ್ತದೆ, ಅಂದರೆ ನೀರು ಮುಖಕ್ಕಿಂತ 16 ಪಟ್ಟು ಜಾಸ್ತಿ ಬೆಳಗುತ್ತಿದೆ. ನಮ್ಮ ಕಣ್ಣು ಮುಖ ನೋಡುವಾಗ ಮುಖಕ್ಕೆ, ನೀರು ನೋಡುವಾಗ ನೀರಿಗೆ ಹೊಂದಿಕೊಳ್ಳುತ್ತಾ ಹೋಗುವುದರಿಂದ ಈ 16 ಪಟ್ಟು ನಮಗೆ ಗೊತ್ತೇ ಆಗುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ಎರಡು ಸ್ಟಾಪ್ ಒಳಗಿದ್ದರೆ ಕ್ಯಾಮೆರಾದಲ್ಲೇ ಸರಿಹೋಗುತ್ತದೆ. ಮೂರಾದರೆ ಜೆಪೆಗ್ ನಂಬಬೇಡಿ, ಕ್ಯಾಮೆರಾ ಹಿಂಡದೆ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ನಾಲ್ಕಾದರೆ ಮುಖಕ್ಕೆ ಬೆಳಕು ತುಂಬಬೇಕು, ಇಲ್ಲವೇ ಜಾಗ ಬದಲಿಸಬೇಕು. ಆರು ಅಂತ ಬಂದರೆ ಮುಖದ ಆಸೆ ಬಿಟ್ಟು ಕಡೆಗೆ ಹೇಳಿರುವ ನೆರಳುಚಿತ್ರಕ್ಕೆ ಹೋಗುವುದೇ ಒಳ್ಳೆಯದು.

ಫೋನಿನಲ್ಲಿ ಈ ಅಂಕೆಗಳು ಸುಲಭವಾಗಿ ಕಾಣುವುದಿಲ್ಲ. ಪರದೆಯಲ್ಲಿ ಮುಖದ ಮೇಲೊಮ್ಮೆ ಬೆರಳಿಡಿ, ನೀರಿನ ಮೇಲೊಮ್ಮೆ ಇಡಿ. ಎರಡಕ್ಕೂ ಇಡೀ ಚಿತ್ರ ಉಯ್ಯಾಲೆಯ ಹಾಗೆ ಬೆಳಕಿಂದ ಕತ್ತಲಿಗೆ ಹೋಗಿ ಬಂದರೆ ಅಂತರ ದೊಡ್ಡದಿದೆ ಅಂತಲೇ ಅರ್ಥ.

ಮುಖ ಕಪ್ಪು, ನೀರು ಚೆನ್ನ

ಎಲ್ಲರೂ ಹೇಳುವ ದೂರು ಇದೇ. ಇದಕ್ಕೆ ಎರಡು ಬೇರೆ ಬೇರೆ ಕಾರಣ ಇರಬಹುದು, ಎರಡಕ್ಕೂ ಮದ್ದು ಬೇರೆ. ಯಾವುದು ಅಂತ ತಿಳಿಯಲು, ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು +1.5ಕ್ಕೆ ಏರಿಸಿ ಇನ್ನೊಂದು ಫೋಟೋ ತೆಗೆಯಿರಿ. ಮುಖ ಸರಿಯಾಗಿ, ನೀರಿನ ಅಲೆಗಳೂ ಕಾಣುತ್ತಿದ್ದರೆ ತಪ್ಪು ಮೀಟರಿನದು. ಮುಖ ಸರಿಯಾಗುವಷ್ಟರಲ್ಲಿ ನೀರು ಸುಣ್ಣ ಹೊಡೆದ ಗೋಡೆಯ ಹಾಗೆ ಆದರೆ ತಪ್ಪು ಬೆಳಕಿನದು. ಮ್ಯಾನುಯಲ್ ಮೋಡಿನಲ್ಲಿ, ಆಟೋ ಐಎಸ್‌ಒ ಇಲ್ಲದೆ, ಈ ಕಾಂಪೆನ್ಸೇಷನ್ ತಿರುಗಿಸಿದರೆ ಏನೂ ಆಗುವುದಿಲ್ಲ. ನಾನು ಒಂದು ಮಧ್ಯಾಹ್ನ ಪೂರ್ತಿ ಅದನ್ನು ತಿರುಗಿಸುತ್ತಾ ಕ್ಯಾಮೆರಾವನ್ನು ಬೈದಿದ್ದೇನೆ.

ಮೀಟರಿನ ತಪ್ಪು ಸುಲಭದ್ದು. ತಾನು ನೋಡಿದ್ದೆಲ್ಲ ನಡುವಿನ ಬೂದು ಬಣ್ಣ ಅಂತ ಮೀಟರ್ ಅಂದುಕೊಳ್ಳುತ್ತದೆ. ಚೌಕಟ್ಟಿನ ಮುಕ್ಕಾಲು ಭಾಗ ಹೊಳೆಯುವ ನೀರಿದ್ದರೆ, ಅದನ್ನೂ ಬೂದು ಮಾಡಲು ಹೊರಡುತ್ತದೆ. ಪಾಪ, ಹುಡುಗಿ ಅದರ ಜೊತೆ ಮುಳುಗುತ್ತಾಳೆ. ಇದಕ್ಕೆ ನನ್ನ ಮೆಚ್ಚಿನ ಉಪಾಯ ಅಂಗೈ. ಮೈಬಣ್ಣ ಯಾವುದೇ ಇರಲಿ, ಅಂಗೈ ಬಣ್ಣ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ನಡುವಿನ ಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಅವರ ಮುಖದ ಪಕ್ಕದಲ್ಲಿ, ಅದೇ ಬೆಳಕು ಬೀಳುವ ಹಾಗೆ ಅಂಗೈ ಹಿಡಿಯಲು ಹೇಳಿ. ಅದನ್ನು ಸ್ಪಾಟಿನಲ್ಲಿ ಅಳೆದು ಒಂದು ಸ್ಟಾಪ್ ಸೇರಿಸಿ. ಅಂಗೈ 1/250 ಅಂದರೆ ನೀವು 1/125 ಇಡಬೇಕು. ಮದುವೆ ಹುಡುಗಿಯಾದರೆ ಮೆಹೆಂದಿ ಇರುತ್ತದೆ, ಆಗ ನಿಮ್ಮದೇ ಅಂಗೈ ಹಿಡಿದು ಅಳೆಯಿರಿ.

ಬೆಳಕಿನ ತಪ್ಪಾದರೆ ನಡೆಯಬೇಕು. ಇಲ್ಲಿ ನಮ್ಮ ಕರಾವಳಿಯ ಭೂಗೋಳ ನೆನಪಿರಲಿ. ಕಾರವಾರದಿಂದ ಉಳ್ಳಾಲದವರೆಗೆ ಕಡಲು ಪಶ್ಚಿಮಕ್ಕಿದೆ. ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತವರ ಮುಖದ ಮೇಲೆ ಬಿಸಿಲು ಬೀಳುವುದು ಸಾಧ್ಯವೇ ಇಲ್ಲ. ಸೂರ್ಯ ಅವರ ಬೆನ್ನ ಹಿಂದೆಯೇ ಇರುತ್ತಾನೆ. ಆದರೂ ನಾವೆಲ್ಲ ಹೋಗುವುದು ಸಂಜೆಯೇ, ಅಲ್ವಾ? ಬೆಳಗ್ಗೆ ಏಳೂವರೆಗೆ ಹೋಗಿ ನೋಡಿ. ಸೂರ್ಯ ಪೂರ್ವದಲ್ಲಿ, ನಿಮ್ಮ ಬೆನ್ನ ಹಿಂದೆ. ಮುಖಕ್ಕೂ ಬೆಳಕು, ಹಿಂದೆ ನೀಲಿ ಕಡಲು. ಜನರೂ ಕಡಿಮೆ.

ಸಂಜೆಯೇ ಬೇಕು ಅನ್ನುವವರಿಗೆ ಮರವಂತೆ ಒಂದು ವರ. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಮುಂದಿನ ವರ್ಷ ಅದೇ ಹುಡುಗಿಯನ್ನು ಕರೆದುಕೊಂಡು ಹೋದಾಗ ಕಡಲಿನ ಕಡೆ ಹೋಗಲೇ ಇಲ್ಲ. ಹೊಳೆಯ ದಡದಲ್ಲಿ, ಹೊಳೆಗೆ ಬೆನ್ನು ಮಾಡಿ ನಿಲ್ಲಿಸಿದೆ. ಕಡಲಿನ ಮೇಲಿಂದ ಬರುವ ಬಿಸಿಲು ನೇರ ಮುಖಕ್ಕೆ. ಅಳೆದರೆ ಮುಖ 1/320, ನೀರು 1/250. ಅರ್ಧ ಸ್ಟಾಪೂ ಅಂತರ ಇಲ್ಲ. ಬೇರೆ ಎರಡು ತೊಂದರೆ ಬಂದವು. ಸೂರ್ಯ ಕೆಳಗಿದ್ದರಿಂದ ನನ್ನದೇ ಉದ್ದನೆಯ ನೆರಳು ಅವಳ ಲಂಗದ ಮೇಲೆ ಬಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನಿಂತೆ. ಬಿಸಿಲಿಗೆ ಅವಳು ಕಣ್ಣು ಕಿರಿದು ಮಾಡಿದಳು. ಕಣ್ಣು ಮುಚ್ಚಿಕೋ, ಮೂರು ಅಂದಾಗ ತೆಗಿ ಅಂದೆ. ನಾಲ್ಕನೇ ಸಲಕ್ಕೆ ಸಿಕ್ಕಿತು. ಈ ಸಲ ಅಕ್ಕ ಕಂಡುಹಿಡಿದದ್ದು ದಾವಣಿಯ ಪಿನ್ನು ಹೊರಗೆ ಕಾಣುತ್ತಿರುವುದನ್ನು. ಇನ್ನೊಂದು ಮಾತು, ಅದು ಹೆದ್ದಾರಿ. ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ಜಾಗ ಬದಲಿಸಲು ಆಗದಿದ್ದರೆ

ಸೂರ್ಯ ಬೆನ್ನ ಹಿಂದೆಯೇ ಇರಬೇಕು, ಮುಖವೂ ಕಾಣಬೇಕು ಅಂದರೆ ಬೆಳಕು ತುಂಬಬೇಕು. ಖರ್ಚಿಲ್ಲದ ದಾರಿಯಿಂದ ಶುರು ಮಾಡಿ.

ಒದ್ದೆ ಮರಳು ಕಪ್ಪು, ಒಣ ಮರಳು ಬಿಳುಪು. ಅಲೆಯ ಅಂಚಿನಲ್ಲಿ ನಿಲ್ಲಿಸಿದವರನ್ನು ಹತ್ತು ಹೆಜ್ಜೆ ಮೇಲಕ್ಕೆ, ಒಣ ಮರಳಿಗೆ ಕರೆತನ್ನಿ. ಅವರ ಮುಂದಿನ ಮರಳಿನ ಮೇಲೆ ಬಿದ್ದ ಬಿಸಿಲು ಎದ್ದು ಮುಖಕ್ಕೆ ಬರುತ್ತದೆ. ಕೂರಿಸಿದರೆ ಮುಖ ಮರಳಿಗೆ ಹತ್ತಿರವಾಗಿ ಇನ್ನೂ ಚೆನ್ನ. ಸಾಧ್ಯವಾದರೆ ಅಂಗೈ ಅಳತೆಯನ್ನು ಎರಡೂ ಜಾಗದಲ್ಲಿ ಮಾಡಿ ನೋಡಿ, ವ್ಯತ್ಯಾಸ ಅಂಕೆಯಲ್ಲೇ ಕಾಣುತ್ತದೆ. ಒದ್ದೆ ಮರಳು, ನೀರು ಕೂಡ ಹೊಳೆಯುತ್ತವಲ್ಲ ಅಂತ ನೀವು ಕೇಳಬಹುದು. ಹೊಳೆಯುತ್ತವೆ, ಆದರೆ ಕನ್ನಡಿಯ ಹಾಗೆ ಬೆಳಕನ್ನು ಮುಂದಕ್ಕೆ, ನಿಮ್ಮ ಲೆನ್ಸಿನ ಕಡೆಗೆ ತಳ್ಳುತ್ತವೆ. ಒಣ ಮರಳು ಎಲ್ಲ ಕಡೆಗೂ ಚೆಲ್ಲುತ್ತದೆ.

ಆಮೇಲೆ ಬಿಳಿ ಥರ್ಮಾಕೋಲ್ ಹಾಳೆ. ಹೊಳೆ, ಕೆರೆಯ ಪಕ್ಕ ಗಾಳಿ ಇಲ್ಲದಾಗ ಇದಕ್ಕಿಂತ ಸಾಧು ಬೆಳಕು ಇಲ್ಲ. ಮೂರು ನಾಲ್ಕು ಅಡಿ ದೂರದಲ್ಲಿ, ಮುಖದ ಎತ್ತರಕ್ಕೆ, ಸ್ವಲ್ಪ ಪಕ್ಕದಿಂದ ಹಿಡಿಯಬೇಕು. ನೇರ ಎದುರು ಹಿಡಿದರೆ ಅವರದೇ ನೆರಳು ಹಾಳೆಯ ಮೇಲೆ ಬೀಳುತ್ತದೆ. ಸೊಂಟದ ಕೆಳಗೆ ಹಿಡಿದರೆ ಬೆಳಕು ಗಲ್ಲದ ಕೆಳಗಿಂದ ಬಂದು ನಾಟಕದ ಭೂತದ ಹಾಗೆ ಕಾಣುತ್ತದೆ. ಕಡಲ ತೀರಕ್ಕೆ ಮಾತ್ರ ಥರ್ಮಾಕೋಲ್ ಒಯ್ಯಬೇಡಿ. ಗಾಳಿಗೆ ಮುರಿದು ಚೂರುಗಳು ನೀರು ಸೇರುತ್ತವೆ. ಅಲ್ಲಿಗೆ ಬೆಳಕು ತಿರುಗಿಸುವ, ಮಡಚುವ ಬಟ್ಟೆಯ ರಿಫ್ಲೆಕ್ಟರ್ ಸರಿ, ಬಿಳಿ ಬದಿ ಸಾಕು. ಬೆಳ್ಳಿ ಬದಿ ಹಿಡಿದರೆ ಕಣ್ಣು ಬಿಡುವುದೇ ಕಷ್ಟ.

ದೂರದಿಂದ ಬಿಸಿಲು ತರಬೇಕಾದರೆ ಕನ್ನಡಿ ಇದೆ. ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಸ್ಟುಡಿಯೋದ ಒಳಗೆ ತಂದ ಕಥೆ ಈ ಕೆಲಸದವರಿಗೆಲ್ಲ ಗೊತ್ತು. ನಮ್ಮಂಥವರು ಅದನ್ನು ಸಣ್ಣದಾಗಿ ಮಾಡಬಹುದು. ಕನ್ನಡಿಯ ಬಿಸಿಲನ್ನು ಮುಖಕ್ಕೆ ಬಿಡಬೇಡಿ, ಕಣ್ಣಿಗೆ ಅಪಾಯ. ಅದನ್ನು ಥರ್ಮಾಕೋಲಿಗೆ ಬಿಟ್ಟು, ಥರ್ಮಾಕೋಲಿನಿಂದ ಮುಖಕ್ಕೆ ಬರುವಂತೆ ಮಾಡಿ.

ಫ್ಲಾಶ್ ಬಗ್ಗೆ ಜನರಿಗೆ ಜಾಸ್ತಿ ನಂಬಿಕೆ. ಲೆಕ್ಕ ಹಾಕಿ ನೋಡಿ. ನೀರು ಎಫ್ 5.6ರಲ್ಲಿ 1/2000 ಕೇಳುತ್ತಿದೆ. ಸಾಮಾನ್ಯ ಫ್ಲಾಶ್ ಶಟರಿನ ಜೊತೆ ಹೊಂದುವುದು 1/200 ಅಥವಾ 1/250ರವರೆಗೆ. ಅಲ್ಲಿಗೆ ಇಳಿದರೆ ಕಿಂಡಿ ಕಿರಿದು ಮಾಡಿ ಎಫ್ 16ರ ಆಸುಪಾಸಿಗೆ ಹೋಗಬೇಕು. ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಫ್ಲಾಶಿನ ಗೈಡ್ ನಂಬರ್, ಅಂದರೆ ಅದರ ಶಕ್ತಿಯ ಅಂಕೆ, 12 ಅಂದುಕೊಳ್ಳಿ. 12ನ್ನು 16ರಿಂದ ಭಾಗಿಸಿದರೆ ಅದು ತಲುಪುವುದು ಮುಕ್ಕಾಲು ಮೀಟರ್. ಪೂರ್ತಿ ಬೆಳಕು ಬೇಡ, ಅರ್ಧ ಸಾಕು ಅಂದರೂ ಒಂದು ಮೀಟರ್ ಚಿಲ್ಲರೆ. ಎರಡು ಮೀಟರ್ ದೂರ ನಿಂತವರಿಗೆ ಅದು ದೀಪಾವಳಿಯ ಸುರುಸುರು ಕಡ್ಡಿ ಅಷ್ಟೇ. ಗೈಡ್ ನಂಬರ್ 36ರ ಫ್ಲಾಶ್ ಇದ್ದರೆ ಎರಡು ಮೀಟರಿಗೆ ಸರಿಹೋಗುತ್ತದೆ. ಅದನ್ನು ಒಂದು ಸ್ಟಾಪ್ ಕಡಿಮೆಗೆ ಇಡಿ, ಇಲ್ಲದಿದ್ದರೆ ಆಳೆತ್ತರದ ಕಟೌಟನ್ನು ದಡದಲ್ಲಿ ನೆಟ್ಟ ಹಾಗೆ ಕಾಣುತ್ತದೆ. ಹೈಸ್ಪೀಡ್ ಸಿಂಕ್ ಇದ್ದರೆ 1/2000ಕ್ಕೂ ಹೋಗಬಹುದು, ಆದರೆ ಆಗ ಫ್ಲಾಶಿನ ಶಕ್ತಿ ತುಂಬ ಸೋರಿಹೋಗುತ್ತದೆ. ಹತ್ತಿರ ಬರಲೇಬೇಕು.

ಮುಖ ಸರಿ, ನೀರು ಬಿಳಿ ಹಾಳೆ

ಇದು ಮೇಲಿನ ದೋಷದ ತಮ್ಮ. ಆದರೆ ಇಲ್ಲಿ ಮುಖವನ್ನು ಮುಟ್ಟದೆ ನೀರನ್ನೇ ಕತ್ತಲು ಮಾಡುವ ದಾರಿ ಇದೆ. ಅದು ಎತ್ತರ.

ಅಲೆಯಿಲ್ಲದ ನೀರನ್ನು ನೇರ ಮೇಲಿಂದ ನೋಡಿದರೆ, ಬಿದ್ದ ಬೆಳಕಿನಲ್ಲಿ ಸುಮಾರು 2% ಮಾತ್ರ ವಾಪಸ್ ಬರುತ್ತದೆ. ಅದಕ್ಕೇ ಬಾವಿಯ ನೀರು ಕಪ್ಪು. ಅದೇ ನೀರನ್ನು ಅದರ ಮಟ್ಟದಿಂದ ಬರೀ 10 ಡಿಗ್ರಿ ಮೇಲಿಂದ ನೋಡಿದರೆ ಮೂರನೇ ಒಂದು ಭಾಗದಷ್ಟು ವಾಪಸ್ ಬರುತ್ತದೆ. ಹಂಪಿಯಲ್ಲಿ ತುಂಗಭದ್ರೆಯ ದಡದ ಮೆಟ್ಟಿಲ ಮೇಲೆ ಇದನ್ನು ಕಣ್ಣಾರೆ ನೋಡಬಹುದು. ಕಡೆಯ ಮೆಟ್ಟಿಲಲ್ಲಿ ಕೂತವರನ್ನು ನೀವೂ ಅಲ್ಲೇ ಕೂತು ತೆಗೆದರೆ ಹಿಂದೆ ಬರೀ ಆಕಾಶದ ಹೊಳಪು. ಆರೇಳು ಮೆಟ್ಟಿಲು ಹತ್ತಿ ಕೆಳಗೆ ನೋಡುತ್ತಾ ತೆಗೆದರೆ ನೀರು ಕಡು ಹಸಿರಾಗುತ್ತದೆ, ಮುಖ ಎದ್ದು ಬರುತ್ತದೆ.

ಎತ್ತರ ಇಲ್ಲದಿದ್ದರೆ, ನೀರು ಏನನ್ನು ತೋರಿಸುತ್ತಿದೆ ಅಂತ ನೋಡಿ. ಆಚೆ ದಡದ ಬಂಡೆ, ಮರ ನೀರಿನಲ್ಲಿ ಬಿಂಬವಾಗಿ ಬಿದ್ದ ಕಡೆ ನೀರು ಕಪ್ಪಾಗಿರುತ್ತದೆ. ತಲೆ ಅಲ್ಲಿ ಬರುವಂತೆ ನೀವು ಎಡಕ್ಕೋ ಬಲಕ್ಕೋ ಸರಿದರೆ ಸಾಕು. ಹಂಪಿ ನದಿಯ ದಕ್ಷಿಣಕ್ಕಿದೆ, ಆನೆಗೊಂದಿ ಉತ್ತರಕ್ಕೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಹಂಪಿಯ ದಡದಿಂದ ಆಚೆಗೆ ನೋಡುತ್ತಾ ತೆಗೆದರೆ ಮುಖಕ್ಕೆ ಬೆಳಕು. ಆನೆಗೊಂದಿ ಕಡೆಯಿಂದ ಈಚೆಗೆ ತೆಗೆದರೆ ಬೆಳಕು ಎದುರಾಗುತ್ತದೆ.

ಹೊಳಪು ಕಡಿಯುವ ಸಿಪಿಎಲ್ (ಪೋಲರೈಸರ್) ಫಿಲ್ಟರ್ ಹಾಕಿ ಅನ್ನುತ್ತಾರೆ. ಹಾಕಿ, ಆದರೆ ಅದರ ಮಿತಿ ಗೊತ್ತಿರಲಿ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿಂದ ನೋಡುವಾಗ ಅದು ಚೆನ್ನಾಗಿ ಹೊಳಪು ಕಡಿಯುತ್ತದೆ. ಸೂರ್ಯಾಸ್ತದ ಹೊತ್ತಿನ ತಗ್ಗಿನ ಹೊಳಪಿಗೆ ಅಷ್ಟಾಗಿ ನಾಟುವುದಿಲ್ಲ. ಒಂದೂವರೆ, ಎರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ. ರೇಷ್ಮೆ ಸೀರೆಯ ಜರಿ ಹೊಳೆದರೆ ಸಿಪಿಎಲ್ ತಿರುಗಿಸಿ ಪ್ರಯೋಜನ ಇಲ್ಲ. ಲೋಹದ ಹೊಳಪು ಅದಕ್ಕೆ ಬಗ್ಗುವುದಿಲ್ಲ. ಸೆರಗನ್ನೇ ಸ್ವಲ್ಪ ತಿರುಗಿಸಿ.

ಕಣ್ಣಿನ ಗುಂಡಿಯಲ್ಲಿ ಕತ್ತಲು

ಮಧ್ಯಾಹ್ನದ ದೋಷ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಹನ್ನೆರಡೂ ಕಾಲರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ನೆರಳೆಲ್ಲ ಎಲ್ಲಿ ಹೋಯಿತು ಅಂದರೆ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ. ಕೆರೆ ಏರಿಯ ಮೇಲೆ ಹುಬ್ಬು ಗಂಟಿಕ್ಕಿಕೊಂಡು ನಿಂತ ಕುಟುಂಬದ ಫೋಟೋಗಳೆಲ್ಲ ಹೀಗೇ ಇರುತ್ತವೆ.

ಮರದ ನೆರಳಿನ ಅಂಚಿಗೆ ತನ್ನಿ. ಒಳಗೆ ಅಲ್ಲ, ಅಂಚಿಗೆ, ಮುಖ ಬಯಲಿನ ಕಡೆ ಇರಲಿ. ಎಲೆಗಳ ನಡುವಿನಿಂದ ಬಿಸಿಲಿನ ಚುಕ್ಕೆ ಮುಖದ ಮೇಲೆ ಬೀಳದಂತೆ ನೋಡಿ. ಮರ ಇಲ್ಲದಿದ್ದರೆ ಬಿಳಿ ಕೊಡೆ. ಅದೂ ಇಲ್ಲದಿದ್ದರೆ ಊಟ ಮಾಡಿ ನಾಲ್ಕು ಗಂಟೆಗೆ ಬನ್ನಿ.

ಗಲ್ಲದ ಕೆಳಗಿಂದ ಬೆಳಕು, ಮುಖದ ಮೇಲೆ ಅಲೆ

ಇದು ಮೊದಲಿನದ್ದಕ್ಕೆ ತಿರುಗುಮುರುಗು. ಅವರು ಸೂರ್ಯನ ಕಡೆ, ನೀರಿನ ಕಡೆ ಮುಖ ಮಾಡಿದ್ದಾರೆ. ನೀವು ಪಕ್ಕದಲ್ಲೋ ಹರಿಗೋಲಿನಲ್ಲೋ ಇದ್ದೀರಿ. ತಗ್ಗಿನ ಬಿಸಿಲು ನೀರಿಗೆ ಬಡಿದು ಮೇಲೆದ್ದು ಗಲ್ಲ, ಮೂಗಿನ ಹೊಳ್ಳೆಯನ್ನೆಲ್ಲ ಬೆಳಗುತ್ತದೆ. ಅಲೆಯಿದ್ದರೆ ಮುಖದ ಮೇಲೆ ಬೆಳಕಿನ ಬಲೆ ಕುಣಿಯುತ್ತದೆ. ಬೇಡದಿದ್ದರೆ ದಡದ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿಸಿ. ಹರಿಗೋಲಿನಲ್ಲಾದರೆ ಮುಖ ಬೇರೆ ಕಡೆ ತಿರುಗಿಸಿ, ಅಲ್ಲಿ ಹಿಂದೆ ಸರಿಯಲು ಜಾಗ ಇಲ್ಲ. ನಿಜ ಹೇಳಬೇಕೆಂದರೆ ಆ ಕುಣಿಯುವ ಬಲೆ ನನಗೆ ಇಷ್ಟ. ಮಕ್ಕಳ ಫೋಟೋಗೆ ಅದನ್ನು ದೋಷ ಅಂತ ನಾನು ಕರೆಯುವುದಿಲ್ಲ.

ಕೆಂಪು ಬಟ್ಟೆ ಮುದ್ದೆಯಾಗಿ ಕಾಣುವುದು

ಕತ್ತಲಿಂದ ಬೆಳಕಿನವರೆಗೆ ಎಷ್ಟೆಷ್ಟಿದೆ ಅಂತ ತೋರಿಸುವ ಹಿಸ್ಟೋಗ್ರಾಮ್ ಗ್ರಾಫ್ ಸರಿ ಇದೆ, ಮುಖ ಸರಿ ಇದೆ, ಆದರೆ ಕೆಂಪು ಸೀರೆಯಲ್ಲಿ ನೆರಿಗೆಯೇ ಕಾಣುತ್ತಿಲ್ಲ. ಬಣ್ಣ ಕಲಸಿ ಬಳಿದ ಹಾಗಿದೆ. ಸಂಜೆಯ ಬಿಸಿಲಿನಲ್ಲೇ ಕೆಂಪು ಜಾಸ್ತಿ, ಬಟ್ಟೆಯೂ ಕೆಂಪು. ಹಾಗಾಗಿ ಕೆಂಪು ಚಾನೆಲ್ ಮಾತ್ರ ತುಂಬಿ ಹರಿದಿರುತ್ತದೆ. ಕ್ಯಾಮೆರಾದಲ್ಲಿ ಮೂರೂ ಬಣ್ಣದ ಹಿಸ್ಟೋಗ್ರಾಮ್ ತೋರಿಸುವಂತೆ ಮಾಡಿ. ಕೆಂಪು ಬಲಗೋಡೆಗೆ ಒತ್ತಿ ನಿಂತಿದ್ದರೆ ಅರ್ಧ ಅಥವಾ ಒಂದು ಸ್ಟಾಪ್ ಇಳಿಸಿ. ಅಕ್ಕನ ಮಗಳ ಎರಡನೇ ಸಲದ ಫೋಟೋಗಳಲ್ಲೂ ಮೊದಲ ಹತ್ತು ಇದೇ ಕಾರಣಕ್ಕೆ ಹೋದವು.

ಮುಖ ನೀಲಿ, ಮುಖ ಹಸಿರು

ಬಿಸಿಲು ಬೆನ್ನಿಗಿದ್ದಾಗ ಮುಖಕ್ಕೆ ಬರುವುದು ನೀಲಿ ಆಕಾಶದ ಬೆಳಕು. ಅದಕ್ಕೇ ನೀಲಿ. ತೋಟದ ಹೊಳೆಯಲ್ಲಿ ಅಡಿಕೆ, ತೆಂಗಿನ ಕೆಳಗೆ ನಿಂತರೆ ಹಸಿರು. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಶೇಡ್‌ಗೆ ಹಾಕಿದರೆ ನೀಲಿ ಹೋಗುತ್ತದೆ. ಹಸಿರು ಅದರಿಂದ ಹೋಗುವುದಿಲ್ಲ, ಬಯಲಿಗೆ ಬನ್ನಿ ಅಥವಾ ಬಿಳಿ ರಿಫ್ಲೆಕ್ಟರಿನಿಂದ ಬಿಸಿಲು ಕೊಡಿ.

ಎಲ್ಲವೂ ಮಬ್ಬು

ಬೆಳಕು ನೆರಳಿನ ಲೆಕ್ಕವೆಲ್ಲ ಸರಿಯಿದ್ದೂ ಚಿತ್ರ ಮಜ್ಜಿಗೆಯ ಹಾಗಿದ್ದರೆ ಲೆನ್ಸ್ ನೋಡಿ. ಕಡಲ ಗಾಳಿಯ ಉಪ್ಪು ತೆಳ್ಳಗೆ ಕೂತಿರುತ್ತದೆ. ಮೊದಲು ಊದಿ ಮರಳು ಹಾರಿಸಿ, ಆಮೇಲೆ ಒರೆಸಿ. ಸೂರ್ಯನಿಗೆ ಎದುರು ತೆಗೆಯುವಾಗ ಯುವಿ ಫಿಲ್ಟರ್ ಬಿಚ್ಚಿ, ಹುಡ್ ಹಾಕಿ. ಏಸಿ ಕಾರಿನಿಂದ ಇಳಿದ ಕೂಡಲೇ ತೆಗೆದರೆ ಲೆನ್ಸ್ ಬೆವರುತ್ತದೆ. ಕಾಲು ಗಂಟೆ ಬ್ಯಾಗಿನಲ್ಲೇ ಬಿಟ್ಟು ಎಳನೀರು ಕುಡಿಯಿರಿ.

ಯಾವುದಕ್ಕೂ ಬಗ್ಗದಿದ್ದರೆ

ಅಂತರ ಆರು ಸ್ಟಾಪ್, ರಿಫ್ಲೆಕ್ಟರ್ ಇಲ್ಲ, ಸೂರ್ಯ ಮುಳುಗುತ್ತಿದ್ದಾನೆ. ಆಗ ಅರ್ಧಂಬರ್ಧ ಕಪ್ಪು ಮುಖ ತೆಗೆಯುವ ಬದಲು ಪೂರ್ತಿ ಕಪ್ಪನ್ನೇ ತೆಗೆಯಿರಿ. ನೀರಿಗೆ ಅಳೆದು ಎಕ್ಸ್‌ಪೋಷರ್ ಲಾಕ್ ಮಾಡಿ. ಫೋನಿನಲ್ಲಾದರೆ ಹೊಳಪಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಕಪ್ಪು ಬಿಳುಪು ಎರಡನ್ನೂ ತಾನೇ ಸರಿದೂಗಿಸುವ ಎಚ್‌ಡಿಆರ್ ಆಫ್ ಮಾಡಲು ಬಂದರೆ ಆಫ್ ಮಾಡಿ. ಇಲ್ಲದಿದ್ದರೆ ಅದು ಮುಖವನ್ನು ಎತ್ತಲು ಹೋಗಿ ಎರಡೂ ಕೆಡಿಸುತ್ತದೆ. ಮುಖ ಪಕ್ಕಕ್ಕೆ ತಿರುಗಿರಲಿ, ಮೂಗು ತುಟಿ ಗೊತ್ತಾಗಬೇಕು. ಕೈಗೂ ಸೊಂಟಕ್ಕೂ ನಡುವೆ ಬೆಳಕು ಕಾಣಬೇಕು, ಇಲ್ಲದಿದ್ದರೆ ಆಳು ಕಂಬದ ಹಾಗೆ ಕಾಣುತ್ತಾರೆ. ಕಡಲಿನ ಗೆರೆ ಕುತ್ತಿಗೆಯನ್ನು ಕತ್ತರಿಸಬಾರದು. ಅದಕ್ಕೆ ನೀವು ಕೆಳಗೆ ಕೂರಬೇಕು, ಆಗ ತಲೆ ಆಕಾಶಕ್ಕೆ ಹೋಗುತ್ತದೆ. ಕೂತಾಗ ಪ್ಯಾಂಟ್ ಒದ್ದೆಯಾಗುತ್ತದೆ. ಆ ದೋಷಕ್ಕೆ ನಿವಾರಣೆ ನನಗೆ ಇನ್ನೂ ಸಿಕ್ಕಿಲ್ಲ.